ಅಟ್ಟದ ಮೇಲಿನ ಫೋಟೋ ಪೇಪರು

ತಲ್ಲೂರಿನ ಭೋಜರಾಜನ ಹತ್ಯಾರಿನ ಪೆಟ್ಟಿಗೆಯಲ್ಲಿ ಮೊದಲು ಕೈಗೆ ಸಿಗುವ ಸಾಮಾನು ಬೈಗುಳ. ಸ್ಕ್ರೂಡ್ರೈವರು ಆಮೇಲೆ. ಬೈಂದೂರಿನಿಂದ ಬ್ರಹ್ಮಾವರದ ತನಕ ಯಾರ ಅಂಗಡಿಯ ಪ್ರಿಂಟರಿನಲ್ಲಿ ಬಣ್ಣ ತಪ್ಪಿದರೂ ಫೋನು ಹೋಗಬೇಕಾದ್ದು ಅವನಿಗೇ. ಫೋನು ಮಾಡುವವರು ಮೊದಲು ಒಂದು ಲೋಟ ನೀರು ಕುಡಿದು, ಗಂಟಲು ಸರಿ ಮಾಡಿಕೊಂಡು, ಆಸುಪಾಸಿನಲ್ಲಿ ಗಿರಾಕಿಗಳು ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ನಂಬರು ಒತ್ತುತ್ತಿದ್ದರು. ಏಕೆಂದರೆ ಭೋಜರಾಜನ ದನಿ ಫೋನಿನ ಹೊರಗೂ ಕೇಳುತ್ತದೆ.

ಹದಿನಾರನೇ ವಯಸ್ಸಿಗೆ ಬೊಂಬಾಯಿಗೆ ಓಡಿ, ಟೈಪ್‌ರೈಟರ್ ರಿಪೇರಿ ಅಂಗಡಿಯಲ್ಲಿ ಕೈ ಕಪ್ಪು ಮಾಡಿಕೊಂಡವನು ಅವನು. ಟೈಪ್‌ರೈಟರು ಸತ್ತು ಪ್ರಿಂಟರು ಹುಟ್ಟಿದಾಗ ಅದನ್ನೂ ಬಿಚ್ಚಿ ಕಲಿತ. ಊರಿಗೆ ವಾಪಸು ಬರುವಾಗ ಎರಡು ವಿದ್ಯೆ ತಂದ: ಒಂದು ಬಣ್ಣದ್ದು, ಇನ್ನೊಂದು ಹಿಂದಿ ಬೈಗುಳದ್ದು. ಬಣ್ಣದ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಈ ಸೀಮೆಯಲ್ಲಿ ಇಲ್ಲ ಅನ್ನುವುದನ್ನು ಅವನ ವೈರಿಗಳೂ ಒಪ್ಪುತ್ತಾರೆ, ಮತ್ತು ಒಪ್ಪುವವರಲ್ಲಿ ಹೆಚ್ಚಿನವರು ವೈರಿಗಳೇ. ಮಿಷಿನು ನೋಡದೆ ಫೋನಿನಲ್ಲೇ ರೋಗ ಹೇಳುತ್ತಿದ್ದ. "ಮುಖ ಹಸ್ರಾ? ಕೆಂಪಿನ ತೂತ್ ಕಟ್ಟಿತ್. ಮುಖ ಕೆಂಪಾ? ನೀಲಿ ಇಳಿತಿಲ್ಲೆ. ಅಷ್ಟೂ ಗೊತ್ತಿಲ್ದೆ ಅಂಗಡಿ ಎಂತಕ್ ಹಾಕ್ದೆ?"

ಕೋಟದ ಹತ್ತಿರದ ಸುಬ್ಬರಾಯ ಭಟ್ಟರು ಪೂಜೆಯ ಕರೆಯೋಲೆಯನ್ನು ಮನೆಯಲ್ಲೇ ಛಾಪಿಸಲು ಹೋಗಿ, ಹಳದಿ ಟ್ಯಾಂಕಿಗೆ ನೀಲಿ ಶಾಯಿ ಹೊಯ್ದು, ದೇವಿಯ ಮುಖವನ್ನು ನೇರಳೆ ಮಾಡಿಕೊಂಡಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಅವರನ್ನು ಅವರ ಜಗಲಿಯಲ್ಲೇ ನಿಲ್ಲಿಸಿ ಭೋಜರಾಜ ಕೇಳಿದ, "ಭಟ್ರೇ, ತೀರ್ಥ ಕೊಡ್ವತಿಗೆ ದೀಪದ ಎಣ್ಣಿ ಕೊಡ್ತ್ರಿಯಾ? ಇಲ್ಲೆ ಅಲ್ದಾ? ಹಂಗಾರೆ ಇದಕ್ಕೆಂತಕ್ ಕಣ್ಣ್ ಮುಚ್ಚಿ ಹೊಯ್ದ್ರಿ?" ಭಟ್ಟರು ತಲೆ ಆಡಿಸಿದರು. ಮೂರು ಗಂಟೆಯಲ್ಲಿ ದೇವಿಯ ಮುಖ ಸರಿಯಾಯಿತು. ಭಟ್ಟರ ಮುಖ ಸರಿಯಾಗಲು ಎಷ್ಟು ದಿನ ಬೇಕಾಯಿತೋ ಅವನು ವಿಚಾರಿಸಲಿಲ್ಲ.

ಜನ ಸುಮ್ಮನಿರುವುದನ್ನು ಅವನು ಮರ್ಯಾದೆ ಅಂತ ತಿಳಿದುಕೊಂಡಿದ್ದ. "ನಾನ್ ಒಂದ್ಸಲವೇ ಹೇಳುದ್" ಅನ್ನುವುದು ಅವನ ಜಂಬ. ಎರಡನೇ ಸಲ ಕೇಳಿದವರಿಗೆ ಸಿಗುತ್ತಿದ್ದದ್ದು ಉತ್ತರವಲ್ಲ, ಬೊಬ್ಬೆ. ಹಾಗಾಗಿ ಅವನು ಹೇಳಿದ್ದು ಅರ್ಥವಾದರೂ ಆಗದಿದ್ದರೂ ಜನ ತಲೆ ಆಡಿಸಿ, ಕಿವಿಗೆ ಬಿದ್ದಷ್ಟನ್ನು ಮಾಡುತ್ತಿದ್ದರು. ಅವನ ಹೆಂಡತಿ ವಿನಯಾ ಇಪ್ಪತ್ತೊಂಬತ್ತು ವರ್ಷ ಮಾಡಿದ್ದೂ ಅದನ್ನೇ.

ಅವಳು ಹೋದದ್ದು ಹೋದ ವರ್ಷ ಆಸಾಡಿ ತಿಂಗಳಲ್ಲಿ. ಬೆಳಿಗ್ಗೆ ಹತ್ತು ಗಂಟೆ. ಭೋಜರಾಜ ಜಗಲಿಯಲ್ಲಿ ಯಾರದೋ ಮಿಷಿನು ಬಿಚ್ಚಿ, ತುಟಿಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು ಕೂತಿದ್ದ. ವಿನಯಾ ಬಾಗಿಲಿಗೆ ಬಂದು, "ಹ್ವಾಯ್, ಎದಿ ಹಿಡ್ದಂಗ್ ಆತ್ತ್" ಅಂದಳು. ಅವನು ತಲೆ ಎತ್ತಲಿಲ್ಲ. ಸ್ಕ್ರೂಗಳ ನಡುವಿನಿಂದಲೇ, "ಗ್ಯಾಸ್ ಮಾರಾಯ್ತಿ. ಸೋಡಾ ಕುಡ್ದ್ ಮನಿಕೊ, ನನ್ ತಲಿ ತಿನ್ಬೇಡ" ಅಂದ. ಅವಳು ಒಳಗೆ ಹೋದಳು. ಮಧ್ಯಾಹ್ನ ಊಟ ಬಡಿಸಲು ಅವನು ಕೂಗಿದಾಗ ಏಳಲಿಲ್ಲ. ಚಾಪೆಯ ಪಕ್ಕದಲ್ಲಿ ಸೋಡಾ ಬಾಟ್ಲಿ ಖಾಲಿಯಾಗಿ ನಿಂತಿತ್ತು.

ಬಂದವರಿಗೆಲ್ಲ ಭೋಜರಾಜ ಒಂದೇ ಮಾತು ಹೇಳಿದ: "ಒಂದ್ ಮಾತ್ ಹೇಳ್ಳಿಲ್ಲೆ ಕಾಣಿ ಅವ್ಳ್. ಹೇಳಿದ್ರೆ ಆಸ್ಪತ್ರಿಗೆ ಕರ್ಕಂಡ್ ಹೋತಿದ್ದೆ." ವಂಡ್ಸೆಗೆ ಮದುವೆ ಮಾಡಿ ಕೊಟ್ಟ ಮಗಳು ಚೇತನಾ ಅಳುತ್ತಾ ಬಂದಾಗ ಅವಳಿಗೂ ಅದನ್ನೇ ಹೇಳಿದ. ಮಗಳು ಅವನ ಮುಖವನ್ನೇ ನೋಡಿದಳು, ಮತ್ತೆ ಏನೂ ಕೇಳಲಿಲ್ಲ. ವರ್ಷವಿಡೀ ಹೇಳಿ ಹೇಳಿ ಆ ಸುಳ್ಳು ಎಷ್ಟು ನಯವಾಯಿತೆಂದರೆ, ಕೆಲವು ದಿನ ಅವನಿಗೇ ನಿಜ ಅನ್ನಿಸುತ್ತಿತ್ತು. ಕೆಲವು ದಿನ ಅನ್ನಿಸುತ್ತಿರಲಿಲ್ಲ. ಆ ದಿನಗಳಲ್ಲಿ ಗಿರಾಕಿಗಳಿಗೆ ಬೈಗುಳ ಜಾಸ್ತಿ ಬೀಳುತ್ತಿತ್ತು.

ಬೊಜ್ಜದ ದಿನ, ಉತ್ತರಕ್ರಿಯೆಗೆ ಸೇರಿದ ನೆಂಟರೆದುರು ಅವನು ಸಾರಿದ್ದ: "ಅವ್ಳ ಫೋಟೋ ನಾನೇ ಪ್ರಿಂಟ್ ಮಾಡ್ತೆ. ಬೇರೆಯರ್ ಬಣ್ಣ ಹಾಳ್ ಮಾಡ್ತ್ರ್." ಒಳ್ಳೆಯ ಮಾತು. ಆದರೆ ಕಂಪ್ಯೂಟರಿನಲ್ಲಿ ಆ ಫೋಟೋ ತೆರೆದ ಕೂಡಲೇ ವಿನಯಾ ನೇರವಾಗಿ ಅವನನ್ನೇ ನೋಡುತ್ತಿದ್ದಳು. ಅವನು ಮುಚ್ಚಿಬಿಡುತ್ತಿದ್ದ. ಹೀಗೆ ಹನ್ನೊಂದು ತಿಂಗಳು ಗೋಡೆ ಖಾಲಿ ಉಳಿಯಿತು. ಕಡೆಗೆ ಚೇತನಾ ಅಪ್ಪನನ್ನು ಬಿಟ್ಟು, ಮರವಂತೆಯ ಗಿರಿಜಾಳ ಅಂಗಡಿಗೆ ಫೋಟೋ ಕಳಿಸಿದಳು.

ಬೇಕೆಂದೇ ಆರಿಸಿದ ಹಾಗಿತ್ತು, ಏಕೆಂದರೆ ಗಿರಿಜಾಳಿಗೂ ಭೋಜರಾಜನಿಗೂ ಮಾತಿಲ್ಲ. ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಹೊಳೆ, ನಡುವೆ ಹೈವೇ. ಆ ಹೈವೇಯ ಅಂಚಿಗೆ ಅವಳ ಫೋಟೋ-ಜೆರಾಕ್ಸ್ ಅಂಗಡಿ, ಹಿಂದೆಯೇ ಮನೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿಕೊಂಡು ಬಂದದ್ದು. ಈ ವರ್ಷ ಮಳೆ ಶುರುವಾದ ವಾರ ಪ್ರಿಂಟರಿಗೆ ಪೇಪರು ಸಿಕ್ಕಿಹಾಕಿಕೊಂಡಿತು ಅಂತ ಕರೆಸಿದಳು. ಪೇಪರು ಥಂಡಿಗೆ ಸುರುಟಿಕೊಂಡಿತ್ತು. ಅಂಗಡಿ ತುಂಬಾ ಜನರಿದ್ದಾಗ ಅವನು ಆ ಹಾಳೆಗಳನ್ನು ಅವಳ ಮುಂದೆ ಎಸೆದು ಬಾಯಿಗೆ ಬಂದಂತೆ ಬೈದ. ಹೋಗುವಾಗ ಅವಳು ಹೇಳಿದಳು, "ಇನ್ ನಮ್ ಅಂಗ್ಡಿ ಮೆಟ್ಲ್ ತುಳಿಬೇಡಿ." "ಕರದ್ರೂ ಬತ್ತಿಲ್ಲೆ" ಅಂದ ಅವನು, ಸ್ಕೂಟರಿಗೆ ಒದ್ದು ಹೊರಟ.

ಈಗ ಮಗಳ ಫೋನು.

"ಅಪ್ಪಯ್ಯ, ಗಿರಿಜಕ್ಕನ ಪ್ರಿಂಟರಗೆ ಅಮ್ಮನ ಮುಖ ಹಳ್ದಿ ಬತ್ತಾ ಇತ್ತ್. ಸೀರಿ ನೀಲಿ ಹೋಯಿ ಹಸ್ರ್ ಆಯ್ತ್. ನೀವ್ ಹೋಯಿ ಸರಿ ಮಾಡಿ."

"ಅವ್ಳ ಅಂಗ್ಡಿಗಾ? ನನ್ ಹತ್ರ ಪ್ರಿಂಟರ್ ಇಲ್ಯಾ? ನಾನೇ ಮಾಡ್ತೆ."

"ನೀವ್ ಒಂದ್ ವರ್ಷ ಮಾಡಿದ್ದ್ ಕಂಡೆ" ಅಂದಳು ಚೇತನಾ. ದನಿ ಏರಲಿಲ್ಲ, ಇಳಿಯಲೂ ಇಲ್ಲ. "ನಾಡಿದ್ದ್ ಅಮ್ಮನ ವರ್ಷಾಂತ. ಅಲ್ಲಿ ಸರಿ ಬಂದ್ರೆ ಫೋಟೋ ತಕಂಡ್ ತಲ್ಲೂರಿಗ್ ಬತ್ತೆ. ಬರ್ದಿರೆ ವಂಡ್ಸೆಯಗೇ ಎಲ್ಲ ಮಾಡಿ ಮುಗ್ಸ್ತೆ, ಮತ್ತ್ ನಿಮ್ ಮನಿ ಮೆಟ್ಲ್ ಹತ್ತುದಿಲ್ಲೆ."

ಫೋನು ಕಟ್ಟಾಯಿತು. ಭೋಜರಾಜನಿಗೆ ಇದ್ದದ್ದು ಒಬ್ಬಳೇ ಮಗಳು. ಮೆಟ್ಟಿಲು ಹತ್ತುವವರು ಬೇರೆ ಯಾರೂ ಉಳಿದಿರಲಿಲ್ಲ; ಎಲ್ಲರನ್ನೂ ಅವನೇ ಒಬ್ಬೊಬ್ಬರಾಗಿ ಇಳಿಸಿ ಕಳಿಸಿದ್ದ. ರೈನ್‌ಕೋಟು ಹಾಕಿಕೊಂಡು, ದಾರಿಯುದ್ದಕ್ಕೂ ಗಿರಿಜಾಳನ್ನೂ ಮಳೆಯನ್ನೂ ಎದುರು ಬಂದ ಲಾರಿಗಳನ್ನೂ ಬೈಯುತ್ತಾ ಮರವಂತೆಗೆ ಹೋದ.

ಗಿರಿಜಾ ಅವನನ್ನು ಕಂಡು ಕುರ್ಚಿಯಿಂದ ಏಳಲಿಲ್ಲ. "ಚೇತನಾಗ್ ಬೇಕಾಯಿ ಒಳ್ಗ್ ಬಿಟ್ಟದ್ದ್" ಅಂದಳು.

"ನಾನೂ ಅವ್ಳಿಗ್ ಬೇಕಾಯೇ ಬಂದದ್ದ್" ಅಂದ ಅವನು, ಮತ್ತು ಒದ್ದೆ ರೈನ್‌ಕೋಟನ್ನು ಅವಳ ಒಣಗಿದ ಬೆಂಚಿನ ಮೇಲೆ ಹರಡಿದ. ಬೆಂಚಿನ ತುದಿಯಲ್ಲಿ ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದ ಮುದುಕ ಬಚ್ಚ ಕೂತಿದ್ದ. ಕಡಲಿಗೆ ಹೋಗುವುದನ್ನು ಬಿಟ್ಟ ಮೇಲೆ ಬಚ್ಚನಿಗೆ ಇಂಥ ಜಗಳಗಳೇ ಹೊತ್ತು ಕಳೆಯುವ ದಾರಿ. ಅವನು ಸ್ವಲ್ಪ ಸರಿದು, ಚೆನ್ನಾಗಿ ಕಾಣುವ ಹಾಗೆ ಕೂತ.

ಗಿರಿಜಾ ಎರಡು ಪ್ರಿಂಟು ಎತ್ತಿ ಮೇಜಿನ ಮೇಲೆ ಹಾಕಿದಳು. ಭೋಜರಾಜ ನೋಡಿದ, ಕೂಡಲೇ ಕಣ್ಣು ತೆಗೆದ. ಚೇತನಾಳ ಮದುವೆಯ ದಿನ ತೆಗೆದ ಫೋಟೋ. ವಿನಯಾಳ ಎಣ್ಣೆಗಪ್ಪು ಮುಖ ಕಾಮಾಲೆ ಬಂದವರ ಹಾಗಿತ್ತು. ಅಚ್ಚ ನೀಲಿ ಸೀರೆ ಪಾಚಿ ಹಿಡಿದ ಬಾವಿಕಟ್ಟೆಯ ಬಣ್ಣಕ್ಕೆ ತಿರುಗಿತ್ತು. ಕೆನ್ನೆಯ ಮೇಲೆ ಶಾಯಿ ಒಂದಾಗಿ ಕೂರದೆ ಚುಕ್ಕಿ ಚುಕ್ಕಿ ಒಡೆದಿತ್ತು.

"ಥೂ" ಅಂದ. "ಸತ್ತವ್ರನ್ನಾದ್ರೂ ಬಿಡ್ಕ್ ಅಂದೇಳಿ ಇಲ್ಯಾ ನಿಂಗೆ?"

ಅವನು ಮಿಷಿನಿಗೆ ಕೈ ಹಾಕಿದ. ಮೊದಲು ಸಾದಾ ಪೇಪರಿನ ಮೇಲೆ ನಾಲ್ಕು ಬಣ್ಣದ ಗೆರೆಗಳ ಪರೀಕ್ಷೆ ತೆಗೆದ. ಗೆರೆ ಎಲ್ಲ ನೆಟ್ಟಗೆ, ಒಂದೂ ಕಡಿದಿರಲಿಲ್ಲ. ಅವನಿಗೆ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. ತಪ್ಪು ಕೈಗೆ ಸಿಗದಿದ್ದರೆ ಬೈಯುವುದು ಯಾವುದನ್ನು ಹಿಡಿದುಕೊಂಡು? ಆದರೂ ಶಾಯಿ ಇಳಿಯುವ ತೂತು ತೊಳೆಯುವ ಕೆಲಸ ಎರಡು ಸಲ ಮಾಡಿಸಿದ. ಶಾಯಿಯ ಬಾಟ್ಲಿಗಳನ್ನು ಒಂದೊಂದಾಗಿ ಮೂಸಿ, ಅಲುಗಾಡಿಸಿ, ತಾರೀಖು ಓದಿದ. "ಇದ್ ಎಲ್ಲಿ ಚೀಪ್ ಮಾಲ್?" "ನೀವೇ ಹೇಳಿದ ಕಂಪೆನಿದ್" ಅಂದಳು ಗಿರಿಜಾ. ಕಂಪ್ಯೂಟರಿನಲ್ಲಿ ಫೋಟೋ ಪೇಪರಿನ ಆಯ್ಕೆ ಸರಿಯಾಗಿ ಹಾಕಿದ್ದಾಳಾ ನೋಡಿದ. ಹಾಕಿದ್ದಳು. ಪರದೆಯ ಮೇಲೆ ವಿನಯಾ ಸರಿಯಾದ ಬಣ್ಣದಲ್ಲೇ ಇದ್ದಳು, ಅವನನ್ನೇ ನೋಡುತ್ತಿದ್ದಳು. ಮತ್ತೊಂದು ಪ್ರಿಂಟು ಬಿಟ್ಟ. ಅದೂ ಹಳದಿ.

ಎರಡು ಗಂಟೆ ಹೀಗೇ ಹೋಯಿತು. ಬಚ್ಚ ಒಮ್ಮೆ, "ಭೋಜಣ್ಣಂಗೂ ಸಿಕ್ಕುದಿಲ್ಲೆ ಕಾಣತ್" ಅಂದ. ಭೋಜರಾಜ ತಿರುಗಿ ಅವನ ಮೂರು ತಲೆಮಾರನ್ನು ಎರಡು ಭಾಷೆಯಲ್ಲಿ ನೆನೆಸಿಕೊಂಡ. ಬಚ್ಚನಿಗೆ ಖುಷಿಯೇ ಆಯಿತು. ಆದರೆ ಭೋಜರಾಜ ದಿನ ಲೆಕ್ಕ ಹಾಕುತ್ತಿದ್ದ. ನಾಡಿದ್ದಿಗೆ ಮುಖ ಇಲ್ಲದಿದ್ದರೆ ಮಗಳೂ ಇಲ್ಲ.

ಆಗ ಅವನಿಗೆ ಹೊಳೆಯಿತು. ಸಾದಾ ಪೇಪರಿನ ಮೇಲೆ ಬಣ್ಣ ಸರಿ, ಫೋಟೋ ಪೇಪರಿನ ಮೇಲೆ ಮಾತ್ರ ತಪ್ಪು. ಅಂದರೆ ಮಿಷಿನಿನ ತಪ್ಪೇ ಅಲ್ಲ. ಕಟ್ಟಿನಿಂದ ಒಂದು ಹೊಸ ಹಾಳೆ ಎಳೆದು ಬೆಳಕಿಗೆ ಹಿಡಿದ. ಬಿಳಿ ಇರಬೇಕಾದ್ದು ತೆಳು ಹಳದಿ. ಬೆರಳು ಸವರಿದರೆ ಜಾರುತ್ತಿತ್ತು. ಮೂಗಿಗೆ ಹಿಡಿದ. ಹೊಗೆ, ಅದರ ಜೊತೆಗೆ ಕೊಬ್ಬರಿ ಎಣ್ಣೆಯ ಕಮಟು.

"ಎಲ್ಲಿ ಇಟ್ಟಿದ್ದೆ ಇದನ್ನ?"

"ಅಟ್ಟದ್ ಮೇಲೆ. ಹೊಸ್ ಕಟ್ಟ್. ತಿಂಗ್ಳಾಯ್ತ್ ಇಟ್ಟ್, ನಿನ್ನೆ ಒಡದ್ದ್."

"ಯಾವ್ ಅಟ್ಟ?"

"ಮತ್ತ್ಯಾವುದ್? ಒಲಿ ಮೇಲಿಂದ್. ಕೊಬ್ರಿ ಒಣ್ಗ್ಸುದ್."

ಮಳೆಗಾಲದಲ್ಲಿ ಆ ಕಡೆಯ ಮನೆಗಳಲ್ಲಿ ಒಣಗಬೇಕಾದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೇ ಹೋಗುತ್ತದೆ. ಕೊಬ್ಬರಿ, ಹಪ್ಪಳ, ಒಣಮೀನು, ಬೆಂಕಿಪೊಟ್ಟಣ, ಮಕ್ಕಳ ಶಾಲೆಯ ಪುಸ್ತಕವೂ. ಆದರೆ ಫೋಟೋ ಪೇಪರು! ಹೊಗೆ ಕುಡಿದು ಹಳದಿಯಾಗಿ, ಕೊಬ್ಬರಿಯ ಎಣ್ಣೆ ಪಸೆ ಮೈಗೆ ಹತ್ತಿಸಿಕೊಂಡ ಹಾಳೆಯ ಮೇಲೆ ಶಾಯಿ ಎಲ್ಲಿಂದ ಕೂರಬೇಕು? ಭೋಜರಾಜ ಗೆದ್ದ. ಎರಡು ಗಂಟೆ ಕಟ್ಟಿಟ್ಟ ಸಿಟ್ಟು ಒಡೆಯಿತು.

"ಬಚ್ಚಣ್ಣ, ಕೇಂಡ್ಯಾ? ಫೋಟೋ ಪೇಪರ್ ಅಟ್ಟದ್ ಮೇಲ್ ಇಟ್ಟಿದ್ಲಂಬ್ರ್! ಬಂಗ್ಡಿ ಮೀನಿನ್ ಒಟ್ಟಿಗೆ! ಹೋಯ್ ಹೆಣ್ಣೇ, ನಿನ್ ತಲಿಯಗೆ ಎಂತ ಇತ್ತ್? ಕೊಬ್ರಿಯಾ? ಇಂಥ ಬುದ್ಧಿ ನಿಂಗ್ ಹೇಳ್ಕೊಟ್ಟರ್ ಯಾರ್? ಯಾವ್ ಕತ್ತೆ ಹೇಳ್ತ್ ನಿಂಗ್ ಹೀಂಗ್ ಮಾಡ್ ಅಂದೇಳಿ?"

ಅಂಗಡಿಗೆ ಬರುತ್ತಿದ್ದ ಇಬ್ಬರು ಹೆಂಗಸರು ಬಾಗಿಲಲ್ಲೇ ನಿಂತರು. ಗಿರಿಜಾ ಅವನು ಸುಸ್ತಾಗುವ ತನಕ ಕಾದಳು. ಆಮೇಲೆ ಮೇಜಿನ ಖಾನೆ ಎಳೆದು ಒಂದು ಹಳೇ ಶಾಲೆಯ ಪುಸ್ತಕ ತೆಗೆದಳು. ಪುಟ ಮಗುಚಿ, ಬೆರಳಿಟ್ಟು, ಸಾವಕಾಶ ಓದಿದಳು.

"ಪೇಪರ್ ಥಂಡಿ ಆತ್ತ್ ಅಂದ್ರೆ ಒಲಿ ಮೇಲೆ ಅಟ್ಟದಗ್ ಇಟ್ಕೋ, ಕೊಬ್ರಿ ಒಟ್ಟಿಗ್ ಒಣ್ಗತ್. ಭೋಜಣ್ಣ ಹೇಳಿದ್ದ್. ಜೂನ್ ಒಂಬತ್ತ್."

ಅವನು ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿ ಓದಿಕೊಂಡ. ನೆನಪಾಯಿತು. ಸುರುಟಿದ ಹಾಳೆ ಎಸೆದ ದಿನ, "ಹಂಗಾರೆ ಪೇಪರ್ ಎಲ್ಲಿ ಇಡುದ್ ಭೋಜಣ್ಣ?" ಅಂತ ಅವಳು ಕೇಳಿದ್ದಳು. ಅವನು ಹೊರಡುವ ಗಡಿಬಿಡಿಯಲ್ಲಿ ಅವಳ ಬಾಯಿ ಮುಚ್ಚಿಸಲು ಒದರಿದ್ದು ಅದು. ಅದು ಬೈಗುಳ. ಯಾರಾದರೂ ಅದನ್ನು ಮಾಡುತ್ತಾರಾ?

"ಅದ್... ಅದ್ ಸಿಟ್ಟಗ್ ಹೇಳಿದ್ದ್ ಮಾರಾಯ್ತಿ. ಇನ್ನೊಂದ್ಸಲ ಕೇಂಬುಕ್ ಆತಿಲ್ಯಾ?"

"ಇನ್ನೊಂದ್ಸಲ?" ಗಿರಿಜಾ ಎದ್ದು ನಿಂತಳು. "ನಿಮ್ ಹತ್ರ ಇನ್ನೊಂದ್ಸಲ ಕೇಂಡರ್ ಯಾರಿದ್ರ್ ಹೇಳಿ ಕಾಂಬ. ಈ ಪುಸ್ತಕ ಎಂತಕ್ ಇಟ್ಟದ್ದ್ ಗೊತ್ತಿತ್ತಾ? ನೀವ್ ಒಂದ್ಸಲ ಹೇಳಿದ್ದ್ ಮರ್ತ್ ಹೋದ್ರೆ ಮತ್ತ್ ಕೇಂಬುಕ್ ಹೆದ್ರಿ. ಬೈದದ್ ಯಾವುದ್, ಹೇಳಿದ್ ಯಾವುದ್ ಅಂದೇಳಿ ನಮ್ಗ್ ಹ್ಯಾಂಗ್ ಗೊತ್ತಾಪುದ್? ಎರಡೂ ಒಂದೇ ಸ್ವರ ನಿಮ್ದ್."

ಬಚ್ಚ ನಗಲಿಲ್ಲ. ಬಾಗಿಲಲ್ಲಿದ್ದ ಹೆಂಗಸರು ಕೊಡೆ ಮಡಚುವುದನ್ನು ಮರೆತು ನಿಂತಿದ್ದರು. ಭೋಜರಾಜನಿಗೆ ಅವರು ಯಾರೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಚಾಪೆ, ಚಾಪೆಯ ಪಕ್ಕದ ಬಾಟ್ಲಿ. ಅದರಲ್ಲಿ ಒಂದು ಗುಟುಕೂ ಉಳಿದಿರಲಿಲ್ಲ. ನೋವಿನಲ್ಲೂ ಅವಳು ಪೂರ್ತಿ ಕುಡಿದಿದ್ದಳು, ಏಕೆಂದರೆ ಅವನು ಕುಡಿ ಅಂದಿದ್ದ. ಆಮೇಲೆ ಮಲಗಿದ್ದಳು, ಏಕೆಂದರೆ ಮನಿಕೊ ಅಂದಿದ್ದ.

ಅವನು ಸ್ಕೂಟರಿನ ಡಿಕ್ಕಿಯಿಂದ ತನ್ನ ಪೇಪರಿನ ಕಟ್ಟು ತಂದ, ಎರಡು ಪ್ಲಾಸ್ಟಿಕ್ಕಿನೊಳಗೆ ಬಿಗಿಯಾಗಿ ಸುತ್ತಿಟ್ಟದ್ದು. ಹಾಳೆ ಹಾಕಿದ. ಮಿಷಿನು ಗುರುಗುಟ್ಟಿತು. ಮೊದಲು ಹಣೆ ಬಂತು, ಕೆಂಪಗಿನ ಕುಂಕುಮ ಬಂತು, ಆಮೇಲೆ ಕಣ್ಣು. ಈ ಸಲ ಅವನು ಕಣ್ಣು ತೆಗೆಯಲಿಲ್ಲ. ನೀಲಿ ಸೀರೆ ನೀಲಿಯಾಗಿಯೇ ಇಳಿಯಿತು. ಚೂರೂ ತಪ್ಪಿರಲಿಲ್ಲ.

ಕೈ ಚಾಚಿದ. ಗಿರಿಜಾ ಫೋಟೋವನ್ನು ಎಳೆದುಕೊಂಡಳು.

"ಕೊಟ್ಟದ್ದ್ ಚೇತನಾ. ಅವ್ಳಿಗೇ ಕೊಡುದ್."

ಅವನು ಜಗಳಕ್ಕೆ ನಿಲ್ಲಲಿಲ್ಲ. "ಪೇಪರನ್ನ ಹೀಂಗ್ ಪ್ಲಾಸ್ಟಿಕ್ ಸುತ್ತಿ, ಡಬ್ಬಿಯಗ್ ಹಾಕಿ ಇಡುದ್. ಅಟ್ಟದ್ ಮೇಲ್ ಅಲ್ಲ" ಅಂದ. ಗಿರಿಜಾ ಪೆನ್ನು ತೆಗೆದು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು, ಅವನ ಎದುರೇ, ತಾರೀಖಿನ ಸಮೇತ. ಅಷ್ಟು ದೊಡ್ಡ ಪೆಟ್ಟು ಅವನಿಗೆ ಬೊಂಬಾಯಿಯಲ್ಲೂ ಬಿದ್ದಿರಲಿಲ್ಲ.

ವರ್ಷಾಂತದ ದಿನ ಬೆಳಿಗ್ಗೆ ಚೇತನಾ ತಲ್ಲೂರಿಗೆ ಬಂದಳು. ಚೌಕಟ್ಟು ಹಾಕಿಸಿದ ಫೋಟೋ ಹಳೇ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿತ್ತು. ಬಣ್ಣ ಸರಿ ಬಂದಿತ್ತು, ಮಾತಿನ ಪ್ರಕಾರ ಅವಳು ಬಂದಳು. ಭೋಜರಾಜ ಜಗಲಿಯ ಮೇಲೆ ನಿಂತಿದ್ದ. ಸುಮ್ಮನಿದ್ದರೆ ಸಾಕಿತ್ತು. ಮಗಳು ಮೆಟ್ಟಿಲು ಹತ್ತುತ್ತಿದ್ದಳು, ಬೇಕಾದ್ದು ಸಿಗುತ್ತಿತ್ತು. ಅವಳು ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಅವನು ಹೇಳಿಬಿಟ್ಟ.

"ಅಮ್ಮ ಹೇಳಿದ್ಲ್ ಮಗಾ. ಎದಿ ಹಿಡ್ದಂಗ್ ಆತ್ತ್ ಅಂದೇಳಿ ನನ್ ಹತ್ರ ಹೇಳಿದ್ಲ್. ನಾನ್ ತಲಿ ಎತ್ತಿ ಕಾಣ್ಲಿಲ್ಲೆ. ಸೋಡಾ ಕುಡ್ದ್ ಮನಿಕೊ ಅಂದೆ."

ಚೇತನಾ ಆ ಮೆಟ್ಟಿಲಲ್ಲೇ ನಿಂತಳು. ಅವನು ಕಾದ. ಅವಳು ತಿರುಗಿ ಹೋದರೆ ತಡೆಯುವ ಮುಖ ಅವನಿಗಿರಲಿಲ್ಲ.

"ಗೊತ್ತಿತ್ತ್" ಅಂದಳು. "ಮನಿಕಂಬು ಮುಂಚೆ ನಂಗ್ ಫೋನ್ ಮಾಡಿದ್ಲ್. ಇನ್ನೊಂದ್ಸಲ ಅಪ್ಪಯ್ಯನ ಹತ್ರ ಹೇಳ್ ಅಮ್ಮ ಅಂದೆ. 'ಮಿಷಿನ್ ಬಿಚ್ಚಿ ಕೂಕಂಡಿದ್ರ್, ಬೊಬ್ಬಿ ಹೊಡಿತ್ರ್' ಅಂದ್ಲ್."

ಭೋಜರಾಜ ಅವಳ ಕಡೆಗೆ ಒಂದು ಮೆಟ್ಟಿಲು ಇಳಿದ.

"ಹೇಳ್ಳಿಲ್ಲೆ ಅಂದೇಳಿ ಊರಿಡೀ ಹೇಳಿದ್ರಿ. ಸತ್ತವ್ಳ ಮೇಲ್ ತಪ್ಪ್ ಹಾಕಿದ್ರಿ. ನಿಮ್ ಬಾಯಿಂದ ಯಾವಾಗ್ ಬತ್ತ್ ಅಂದೇಳಿ ಒಂದ್ ವರ್ಷ ಕಾದೆ." ಅವಳ ಕಣ್ಣಲ್ಲಿ ನೀರಿರಲಿಲ್ಲ. "ನಾನ್ ಈಗ ಒಳ್ಗ್ ಬಪ್ಪುದ್ ನಿಮ್ಗ್ ಬೇಕಾಯಿ ಅಲ್ಲ, ಅಮ್ಮಂಗ್ ಬೇಕಾಯಿ."

ಅವನನ್ನು ಬಳಸಿಕೊಂಡು ಒಳಗೆ ಹೋದಳು. ಗೋಡೆಯ ಮುಂದೆ ನಿಂತು ಸೀರೆ ಬಿಚ್ಚಿ ಫೋಟೋ ಹೊರಗೆ ತೆಗೆದಳು. ಸುತ್ತಿಗೆ, ಮೊಳೆ ಅವನ ಹತ್ಯಾರಿನ ಪೆಟ್ಟಿಗೆಯಿಂದಲೇ ತೆಗೆದುಕೊಂಡಳು.

"ಮೊಳಿ ಎಲ್ಲಿ ಹೊಡುದ್?"

"ಅಲ್ಲಿ" ಅಂದ ಅವನು, ನಿಂತಲ್ಲಿಂದಲೇ.

"ಎಲ್ಲಿ?" ಮಗಳು ತಿರುಗದೆಯೇ ಎರಡನೇ ಸಲ ಕೇಳಿದಳು.

ಭೋಜರಾಜ ಹತ್ತಿರ ಹೋಗಿ, ಗೋಡೆಗೆ ಬೆರಳಿಟ್ಟು, ಮತ್ತೊಮ್ಮೆ ಹೇಳಿದ.